ಬೆನ್ನು ಓದುವ ಪಾಠ

ಅಂಗಡಿ ಮನೆ,
ಮಾರ್ಚ್ 6, ಗುರುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ವಾರ್ಡಿನಲ್ಲಿ ನಿಂತು ನಿಂತು ಬಂದ ಕಾಲಿನ ಬಾವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ರೋಗಿಗಳಿಗೆ ಬುದ್ಧಿ ಹೇಳಿ ನೀನು ಚಹಾದಲ್ಲೇ ದಿನ ದೂಡುತ್ತೀಯೋ? ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಎಂದಿನಂತೆ ನಾನು ಹೇಳುತ್ತೇನೆ, ನಿನ್ನ ಮಗಳು ಬರೆಯುತ್ತಾಳೆ. ಅಕ್ಷರ ನೆಟ್ಟಗಿಲ್ಲದಿದ್ದರೆ ಅವಳನ್ನು ಬೈಯಿ, ಮಾತು ನೆಟ್ಟಗಿಲ್ಲದಿದ್ದರೆ ನನ್ನನ್ನು.

ಇವಳಿಂದಾಗಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ ಕಣೇ. ಶಾಲೆಗೆ ಬಂದ ಹೊಸ ಟೀಚರು ತಿಂಡಿ ಪೊಟ್ಟಣ ಹಿಡಿದು, "ಮುಖ ನೋಡಿ ಮರುಳಾಗಬೇಡಿ, ಬೆನ್ನು ಓದಿ" ಅಂತ ಪಾಠ ಮಾಡಿದ್ದಾಳೆ. ಸಕ್ಕರೆ, ಉಪ್ಪು, ಎಣ್ಣೆ ಎಷ್ಟೆಂದು ಹಿಂಬದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿರುತ್ತದಂತೆ. ನಮ್ಮ ಅಂಗಡಿಯೋ ಶಾಲೆಯ ಗೇಟಿಗೆ ಎದುರು. ಸಂಜೆ ಗಂಟೆ ಹೊಡೆಯುವುದೇ ತಡ, ಇವಳು ಸ್ಟೂಲು ಹತ್ತಿ ಒಂದೊಂದೇ ಪೊಟ್ಟಣದ ಬೆನ್ನನ್ನು ಜೋರಾಗಿ ಓದುತ್ತಾಳೆ. ಮೊನ್ನೆ, "ಅಜ್ಜೀ, ಇದ್ರಲ್ಲಿ ಹಣ್ಣೇ ಇಲ್ಲ, ಬರೀ ಹಣ್ಣಿನ ಚಿತ್ರ!" ಅಂತ ಕೂಗಿದಳು. ಮಕ್ಕಳೆಲ್ಲ ಕಳ್ಳಿಯನ್ನು ನೋಡುವಂತೆ ನನ್ನನ್ನೇ ನೋಡಿದವು. ಓದು ಬಾರದವಳಿಗೆ ಮುಖ ಯಾವುದು, ಬೆನ್ನು ಯಾವುದು? ಇಷ್ಟು ವರ್ಷ ಚಿತ್ರ ನೋಡಿಯೇ ಮಾರಿದೆ, ಚಿತ್ರ ನೋಡಿಯೇ ತಿಂದೆ. ಎಷ್ಟು ಮಕ್ಕಳ ಕೈಗೆ ಕೊಟ್ಟೆನೋ! ಈಗ ಮುಂದಿನ ಸಾಲಿನಲ್ಲಿ ಬಾಳೆಹಣ್ಣು, ಬೇಯಿಸಿದ ಕಡಲೆಕಾಯಿ ಇಟ್ಟಿದ್ದೇನೆ. ಅವಕ್ಕೆ ಬೆನ್ನಿಲ್ಲ, ಓದುವ ಗೋಜೂ ಇಲ್ಲ.

ಉಳಿದಂತೆ ಎಲ್ಲ ಕ್ಷೇಮ. ಒಂದೇ ಸಮನೆ ಬಾಯಾರುತ್ತದೆ, ಈ ಬಿಸಿಲಿಗೆ ಯಾರಿಗೆ ಬಾಯಾರುವುದಿಲ್ಲ? ಚಪ್ಪಲಿ ಕಚ್ಚಿ ಗಾಯವಾಗಿತ್ತು, ಅದೂ ವಾಸಿಯಾಯಿತು. ಇನ್ನು ಎರಡು ತಿಂಗಳು, ಕೊನೆಯ ಪರೀಕ್ಷೆ ಮುಗಿಯುವ ತನಕ ಈ ಕಡೆ ತಲೆ ಹಾಕಬೇಡ. ನರ್ಸಾಗಿಯೇ ಬಾ. ನೋಡು, ಇದನ್ನು ಬರಿ ಎಂದರೆ ಇವಳು ಪೆನ್ನು ಕಚ್ಚುತ್ತ ಕೂತಿದ್ದಾಳೆ.

ನಿನ್ನ ನೆತ್ತಿ ತಣ್ಣಗಿರಲಿ.

ನಿನ್ನ ಅಮ್ಮ
(ಹೆಬ್ಬೆಟ್ಟಿನ ಗುರುತು)

ವಿ.ಸೂ.: ಅಮ್ಮಾ, ಕಾಗದದ ಬೆನ್ನು ಓದು.

(ಹಿಂಬದಿಯಲ್ಲಿ)

ಅಮ್ಮಾ, ಇದು ನಾನೇ ಬರೀತಿರೋದು. ಅಜ್ಜಿ ಬಾಳೆಹಣ್ಣು ಕೊಡೋಕೆ ಎದ್ದು ಹೋದ್ಳು. ಗಾಯ ವಾಸಿಯಾಗಿಲ್ಲ. ಐದು ವಾರ ಆಯ್ತು, ಬೆರಳು ಕಪ್ಪಗಾಗಿದೆ, ಮುಟ್ಟಿದ್ರೂ ಗೊತ್ತಾಗಲ್ಲ ಅಂತಾಳೆ. ಸಕ್ಕರೆ ಕಾಯಿಲೆ ಗುರುತು ಅಂತ ಟೀಚರ್ ಹೇಳಿದ್ದೆಲ್ಲ ಅಜ್ಜಿಗಿದೆ. ಪರೀಕ್ಷೆ ಆಮೇಲೆ ಬರಿ, ಈಗ್ಲೇ ಬಾ. ನಿನ್ ಮುಂದೆ ಬಾಯಿ ಬಿಡಲ್ಲ ಅಂತ ಅಜ್ಜಿ ನನ್ ಹತ್ರ ಆಣೆ ಮಾಡಿಸ್ಕೊಂಡಿದ್ದಾಳೆ. ನಾನು ಬಾಯಿ ಬಿಟ್ಟಿಲ್ಲ, ಬರೆದಿದ್ದೀನಿ ಅಷ್ಟೆ.