ಥೈಮ್ ಹಾಕುವ ಹೊತ್ತು

ಮಹಡಿ ಮನೆ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮಗಳೇ,

ನಿನ್ನ ಸೊಂಟನೋವು ಇಳಿಯಿತೇ? ಚಿಣ್ಣನಿಗೆ ಕುಡಿದ ಹಾಲು ದಕ್ಕುತ್ತಿದೆಯೇ, ಇನ್ನೂ ಕಕ್ಕುತ್ತಾನೆಯೇ? ಅಳಿಯಂದಿರ ರಾತ್ರಿ ಪಾಳಿ ಮುಗಿಯಿತೇ? ಮಗು ಮಲಗಿದಾಗ ನೀನೂ ಮಲಗು, ಒಗೆಯುವ ಬಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ. ನನ್ನ ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಅದೂ ನಾನೂ ಜಗಳವಾಡಿಕೊಂಡು ಮೇಲೆ ಬರುತ್ತೇವೆ.

ಅಪ್ಪನನ್ನು ನಿನ್ನ ಹತ್ತಿರದ ಆರೈಕೆ ಮನೆಗೆ ಸೇರಿಸೋಣವೇ, ಒಂದು ಹಾಸಿಗೆ ಖಾಲಿ ಇದೆ, ತಿಂಗಳೊಳಗೆ ಹೇಳದಿದ್ದರೆ ಬೇರೆಯವರ ಪಾಲಾಗುತ್ತದೆ ಎಂದು ಬರೆದಿದ್ದೀಯ. ಫೋನಿನಲ್ಲಿ ಮಾತಾಡಹೋದರೆ ನನ್ನ ತಮ್ಮ ಪಕ್ಕದಲ್ಲೇ ಕೂತಿರುತ್ತಾನೆ, ಅದಕ್ಕೇ ಈ ಕಾಗದ. ಅವನ ಕಿವಿಗೆ ಏನೂ ಬೀಳುವುದಿಲ್ಲ ಎಂದು ನಿನಗನ್ನಿಸಬಹುದು. ಎಲ್ಲ ಬೀಳುತ್ತದೆ, ತಿರುಗಿ ಮಾತಾಡುವುದಿಲ್ಲ, ಅಷ್ಟೇ. ನಿನ್ನ ಅಮ್ಮ ಹೋದಾಗಿನಿಂದ ಹೀಗೇ. ಬೆಳಗ್ಗೆ ಎದ್ದು ಮುಖ ತೊಳೆದು ಕಿಟಕಿ ಪಕ್ಕದ ಕುರ್ಚಿಗೆ ಬಂದರೆ ಮುಗಿಯಿತು. ಕೆಳಗಿನ ಸೈಕಲ್ ಅಂಗಡಿಯ ಬಾಗಿಲು ತೆಗೆಯುವುದನ್ನು ನೋಡುತ್ತಾನೆ, ಹಾಕುವುದನ್ನೂ ನೋಡುತ್ತಾನೆ. ತಟ್ಟೆ ಇಟ್ಟರೆ ಎರಡು ತುತ್ತು. ತೂಕ ಹೀಗೇ ಇಳಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು ಡಾಕ್ಟರು. ನಾನು ಹೂಂ ಅಂದೆ. ಹೆದರಿಕೆ ಆಗಲಿಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ನನಗೂ ಹಾಗೇ ಆಗಿದೆ. ಮುಟ್ಟಿದ್ದು ಗೊತ್ತಾಗುತ್ತದೆ, ನೋಯುವುದಿಲ್ಲ. ಅಳು ಇನ್ನೂ ಬಂದಿಲ್ಲ. ಬರುವಾಗ ಬರಲಿ ಎಂದು ಸುಮ್ಮನಿದ್ದೇನೆ.

ಅಡುಗೆಗೆ ಘಮಕ್ಕೆಂದು ನಿನ್ನ ಅಮ್ಮ ಬಾಲ್ಕನಿಯಲ್ಲಿ ಬೆಳೆಸಿದ್ದ ಥೈಮ್ ಗಿಡ ನಿನಗೆ ನೆನಪಿರಬೇಕು, ದಾರದಂಥ ಕಡ್ಡಿ, ಎಳ್ಳಿನಷ್ಟು ಬೂದುಹಸಿರು ಎಲೆ. ಅದಕ್ಕೆ ನಾನು ಬೆಳಗ್ಗೆ ಸಂಜೆ ಕೊಡಗಟ್ಟಲೆ ನೀರು ಹುಯ್ದೆ. ಕೈಗೆ ಬೇರೆ ಕೆಲಸವಿರಲಿಲ್ಲ, ಅವಳ ಗಿಡ ಬಾಡಬಾರದು ಎಂಬುದೊಂದೇ ತಲೆಯಲ್ಲಿತ್ತು. ಬುಡ ಕಪ್ಪಾಗತೊಡಗಿತು. ಆಗ ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು: "ಅದನ್ನ ಅದರ ಪಾಡಿಗೆ ಬಿಡಿ ಅತ್ತಿಗೆ, ತುಂಬ ಮುದ್ದು ಮಾಡಿದ್ರೆ ಸಾಯುತ್ತೆ." ಕಿತ್ತು, ಕೊಳೆತ ಬೇರು ತೆಗೆದು, ಮರಳೂ ಸಣ್ಣ ಜಲ್ಲಿಯೂ ಬೆರೆಸಿದ ಮಣ್ಣಿಗೆ ಹಾಕಿ ಬಿಸಿಲಿಗಿಟ್ಟೆ. ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು. ಬದುಕಿಕೊಂಡಿತು. ಈಗ ಬಟ್ಟೆ ಕತ್ತರಿಯಲ್ಲೇ ಎಳೆಯ ತುದಿಗಳನ್ನು ಕತ್ತರಿಸುತ್ತೇನೆ. ಬಲಿತು ಗಟ್ಟಿಯಾದ ಕಡ್ಡಿಗೆ ಕೈ ಹಾಕುವುದಿಲ್ಲ, ಅಲ್ಲಿಂದ ಮತ್ತೆ ಚಿಗುರುವುದಿಲ್ಲವಂತೆ. ಇಷ್ಟು ವರ್ಷ ಲಂಗದ ಅಂಚು ಹಿಡಿದು ಕತ್ತರಿಸಿದವಳಿಗೆ ಇದೇನೂ ಕಷ್ಟವಲ್ಲ.

ಅವನಿಗೆ ಉಪ್ಪು ಕಡಿಮೆ ಮಾಡಿ ಎಂದಿದ್ದಾರಲ್ಲ ಡಾಕ್ಟರು, ಸಪ್ಪೆ ಸೂಪಿಗೆ ಇದಾದರೂ ಇರಲಿ ಎಂದು ಹಾಕತೊಡಗಿದೆ. ನಿನ್ನ ಅಮ್ಮ ಅಡುಗೆ ಮಾಡುವಾಗ ನಾನು ಹೊಲಿಗೆ ಮಿಷನ್ನಿನ ಮುಂದೆ ಇರುತ್ತಿದ್ದೆ, ಹೇಗೆ ಹಾಕುತ್ತಿದ್ದಳೋ ನೋಡಿದವಳಲ್ಲ. ಕೊತ್ತಂಬರಿ ಸೊಪ್ಪಿನ ಹಾಗೆ, ಬೇಯಿಸಿದ ಕಾಳಿನ ಸೂಪು ಇಳಿಸಿದ ಮೇಲೆ ಕಡ್ಡಿ ಸಮೇತ ಉದುರಿಸಿದೆ. ಒಂದು ವಾರ ಹೀಗೇ ನಡೆಯಿತು. ಅವನು ಬಾಯಿಂದ ಒಂದೊಂದೇ ಕಡ್ಡಿ ತೆಗೆದು ಬಟ್ಟಲಿನ ಅಂಚಿಗೆ ಸಾಲಾಗಿ ಇಡುತ್ತಿದ್ದ. ನಾನು ಬಟ್ಟಲು ತೊಳೆದಿಡುತ್ತಿದ್ದೆ.

ಮೊನ್ನೆ ಗುರುವಾರ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು, ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಹಿಂದೆ ಚಪ್ಪಲಿ ಸಪ್ಪಳವಾಯಿತು. ಬಂದವನೇ ಒಂದು ಕಡ್ಡಿಯ ತುದಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಲ್ಲಿ ಕೆಳಕ್ಕೆ ಸರ್ರನೆ ಎಳೆದ. ಎಲೆಯೆಲ್ಲ ಎಣ್ಣೆಗೆ ಉದುರಿತು, ಬೋಳು ಕಡ್ಡಿ ಅವನ ಕೈಯಲ್ಲಿ ಉಳಿಯಿತು. "ಇದನ್ನ ಕೊನೇಲಿ ಹಾಕ್ತಾರೇನಕ್ಕ? ವಾರದಿಂದ ಪೊರಕೆ ಕಡ್ಡಿ ತಿನ್ನಿಸ್ತಿದ್ದೀಯ" ಅಂದ. ವಾರದಿಂದ ಬಾಯಲ್ಲೇನಿತ್ತು ನಿನಗೆ ಎಂದರೆ, "ಪೊರಕೆ ಕಡ್ಡಿ" ಅಂದ. ಎಣ್ಣೆಯಲ್ಲಿ ಥೈಮ್ ಬಾಡಿ ಅಡುಗೆಮನೆಯೆಲ್ಲ ನಿನ್ನ ಅಮ್ಮನ ಕೈಯಡುಗೆಯ ವಾಸನೆ ಬಂತು. ನಾನು ಈರುಳ್ಳಿ ಹಾಕಿದೆ. ಅವನು ಅಲ್ಲೇ ನಿಂತಿದ್ದ.

ಅಂದು ಒಂದು ಬಟ್ಟಲು ಕುಡಿದ. ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಶುಕ್ರವಾರ ಇಡೀ ದಿನ ಮತ್ತೆ ಅದೇ ಕುರ್ಚಿ, ಅದೇ ಕಿಟಕಿ. ಸಂಜೆ ಮಾತ್ರ ನಾನು ಬಾಣಲೆ ತೆಗೆದ ಸದ್ದಿಗೆ ಎದ್ದು ಬರುತ್ತಾನೆ, ಎಲೆ ಉದುರಿಸಿ ಹೋಗುತ್ತಾನೆ. ಮಾತಾಡಿದರೆ ಆಡಿದ, ಇಲ್ಲದಿದ್ದರೆ ಇಲ್ಲ.

ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ಚಿಣ್ಣನ ಅಂಗಾಲಿಗೆ ನನ್ನದೊಂದು ಮುತ್ತು. ನಿಮ್ಮ ಮೂವರಿಗೂ ಒಳ್ಳೆಯ ನಿದ್ದೆ ಬರಲಿ, ಸದ್ಯಕ್ಕೆ ನನ್ನ ಆಶೀರ್ವಾದ ಅಷ್ಟೇ.

ಇಂತಿ,
ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವನನ್ನೇ ಕೇಳಿಬಿಟ್ಟೆ, ಮಗಳ ಊರಿನ ಆರೈಕೆ ಮನೆಗೆ ಹೋಗ್ತೀಯೇನೋ ಎಂದು. ಕಿಟಕಿಯಿಂದ ಮುಖ ತಿರುಗಿಸಿ, "ನೀನೇನ್ ಮಾಡ್ತೀಯ?" ಅಂದ. ನಾನೊಬ್ಬಳೇ ಆದರೆ ಒಲೆ ಹಚ್ಚುವುದಿಲ್ಲ ಮಗಳೇ, ಅದು ನನಗೆ ಗೊತ್ತು, ಅವನಿಗೂ ಗೊತ್ತಿದ್ದಂತಿದೆ. ಆ ಹಾಸಿಗೆ ಬೇರೆಯವರಿಗೆ ಹೋಗಲಿ. ಸ್ವಾರ್ಥ ಅನ್ನಿಸಿದರೆ ಹಾಗೆಂದೇ ಬರೆ, ನನಗೆ ಬೇಸರವಿಲ್ಲ. ಆದರೆ ಏನಿದ್ದರೂ ಈ ವಾರವೇ ಬರೆ.