ಮುಂದೇನೆಂದು ಕೇಳುತ್ತಿದ್ದವಳ ತಾಯಿಗೆ

ಗದಗ,
ಫೆಬ್ರವರಿ ೩೧, ೨೧೧೨

ಪೂಜ್ಯ ಅತ್ತೆಯವರಾದ ಕುಮಾರಿ ನೀಲಗಂಗಾ ಅವರಿಗೆ ಅಳಿಯ ಚನ್ನವೀರನ ಶರಣುಗಳು.

ಈ ತಾರೀಖು ಎಂಬತ್ತು ವರ್ಷ ಹಿಂದಿರುವ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ತಪ್ಪು ತಿಳಿಯಬೇಡಿ. ತಿಂಗಳಿಗೊಂದು ಲೆಕ್ಕವಾದರೆ ನಮ್ಮ ಅರ್ಧ ಊರಿಗೆ ಮುಂದಿನ ದಿನ ಯಾವುದೆಂದು ತಿಳಿಯದು; ಅದಕ್ಕೇ ಎಲ್ಲ ತಿಂಗಳಿಗೂ ಒಂದೇ ಅಳತೆ. ಎಂಟನೆಯ ಇಯತ್ತೆಯ ಹುಡುಗಿಗೆ ಎಪ್ಪತ್ತರ ಮುದುಕ 'ಅತ್ತೆ' ಎನ್ನುವುದೂ ವಿಚಿತ್ರವೇ. ಆದರೆ ಮುಂದೆ ನಿಮಗೆ ಹುಟ್ಟುವ ಮಹಾನಂದಾಳನ್ನು ಕಟ್ಟಿಕೊಂಡವನು ನಾನು. ಹೋದ ಆಷಾಢದಲ್ಲಿ ಅವಳು ತೀರಿಕೊಂಡಳು. ಇಂಥ ವಿನಂತಿ ಪತ್ರವನ್ನು 'ಐ ಬೆಗ್ ಟು ಸ್ಟೇಟ್ ದಟ್' ಎಂದು ಶುರುಮಾಡಲು ಕಾಲೇಜಿನಲ್ಲಿ ಕಲಿಸಿದ್ದರು. ದಟ್ ಆದಮೇಲಿನದು ಮರೆತುಹೋಗಿದೆ.

ಮುಂದೆ ನೀವು ಹೊಲಿಗೆ ಕಾರ್ಖಾನೆ ಸೇರುತ್ತೀರಿ. ಬಸುರಿಯಾದಾಗ ಗೇಟಿನಲ್ಲಿ ನಿಲ್ಲಿಸಿ ಶಾಂತಿಹನಿ ಎಂಬ ಔಷಧ ಕುಡಿಸುತ್ತಾರೆ, ವಾಂತಿಯೆಂದು ಹೆಂಗಸರು ಮಷೀನು ಬಿಟ್ಟು ಏಳಬಾರದಲ್ಲ. 'ಸೈಡ್ ಎಫೆಕ್ಟ್ ನಿಲ್' ಎಂದು ಗೋಡೆಯ ಮೇಲೆ ಬರೆಸಿದ್ದರಂತೆ. ನಿಲ್ ಅಂದರೆ ಸೊನ್ನೆ. ಅಷ್ಟು ಇಂಗ್ಲಿಷ್ ನನಗೂ ಉಳಿದಿದೆ.

ಆ ಹನಿ ಹೊಟ್ಟೆಯೊಳಗಿನ ಕೂಸಿನ ಮಿದುಳನ್ನು ಮುಟ್ಟಿತು. ಮಾತು, ಬುದ್ಧಿ, ಕೈಕಾಲು ಎಲ್ಲ ಸರಿ. ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವುದು ಮಾತ್ರ ಆಗದು. ಮಹಾನಂದಾ ಅಕ್ಕಿ ತೊಳೆಯಲು ನಿಂತರೆ ನಿಂತೇ ಇರುತ್ತಿದ್ದಳು, ನಲ್ಲಿ ಹರಿಯುತ್ತಲೇ ಇರುತ್ತಿತ್ತು. ಒಂದು ಜಡೆ ಹೆಣೆದರೆ ಇನ್ನೊಂದು ಬಿಚ್ಚಿದ್ದು ಬಿಚ್ಚಿದಂತೆಯೇ. ಅರ್ಧ ಊರು ತುಂಬಿರುವ ಇಂಥವರಿಗೆಂದೇ ನಮ್ಮಲ್ಲಿ ಮುಂದುಗಾರರಿದ್ದಾರೆ: ಪಕ್ಕದಲ್ಲಿ ಕೂತು ಈಗ ಒಲೆ ಹಚ್ಚು, ಈಗ ಚಪ್ಪಲಿ ಮೆಟ್ಟು ಎನ್ನುವವರು. ಶಾಲೆಯಲ್ಲಿ ಬೆಂಚಿಗೊಬ್ಬರು, ಮದುವೆಯಲ್ಲಿ ಮಂತ್ರ ಹೇಳುವ ಅಯ್ಯನವರ ಮಗ್ಗುಲಲ್ಲಿ ಒಬ್ಬರು. ನಿಮ್ಮ ಮಗಳಿಗೆ ನೇಮಕವಾದವನು ನಾನು, ಹಾಗೆಯೇ ಗಂಡನಾದೆ. ಆಮೇಲೆ ಗೋಡೆಯೊಳಗಿಂದ ಹೇಳುವ ಯಂತ್ರ ಬಂತು. ಅವಳು ಅದಕ್ಕೆ ಟವೆಲ್ ಮುಚ್ಚಿಸಿ, "ಗ್ವಾಡಿ ಕೂಡ ಬಾಳೇವು ಮಾಡಾಕ ಬಂದಿಲ್ಲ ನಾ. ನೀವ ಹೇಳ್ರಿ" ಎಂದಳು. ನಾನು ಪೇಪರಿನಲ್ಲಿ ಮುಳುಗಿದರೆ, "ಏನ್ರೀ, ನಾ ಹಲ್ಲ ತಿಕ್ಕಕೋತ ಸಾಯ್ಲೇನು?"

ಪರಿಹಾರ ಕೇಳಲು ಹೋದಾಗ ಅಧಿಕಾರಿ ನಕ್ಕ. "ಚಂದಾಗಿ ಮಾತಾಡ್ತಾರಲ್ರೀ, ಇವರಿಗೇನಾಗೇತಿ?"

"ಯಾರರ ಏಳು ಅನ್ನೋತನಾ ಇಲ್ಲೇ ಕುಂತಿರ್ತೀನ್ರಿ ಸಾಹೇಬ್ರ, ಅದ ಆಗೇತಿ" ಎಂದಳು ಇವಳು.

ಕೊಡಲಿಲ್ಲ ಬಿಡಿ. ಔಷಧ ಮಾರಿದವರ ಮಕ್ಕಳು ಮಾತ್ರ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತಲೇ ಇದ್ದಾರೆ, ಬಂಗಲೆಯಿಂದ ಬಂಗಲೆಗೆ.

ಕೊನೆಯ ದಿನ ಜ್ವರದಲ್ಲಿ ನನ್ನ ಕೈ ಹಿಡಿದು "ಮುಂದೇನ್ರೀ?" ಎಂದಳು. ಜೀವಮಾನವೆಲ್ಲ ಹೇಳಿಕೊಂಡು ಬಂದ ನಾನು, ಬಿಚ್ಚಿದ್ದ ಅವಳ ಇನ್ನೊಂದು ಜಡೆ ಹೆಣೆಯುತ್ತ ಕೂತೆ.

ನಿಮ್ಮನ್ನು ದೂರುತ್ತಿಲ್ಲ, ಅತ್ತೆಯವರೇ. ನಿಮಗೆ ಹೇಳುವವರು ಯಾರೂ ಇರಲಿಲ್ಲ, ಆದ್ದರಿಂದ ಈಗ ನಾನೇ ನಿಮಗೂ ಮುಂದುಗಾರ. ಗೇಟಿನಲ್ಲಿ ಲೋಟ ಚಾಚಿದಾಗ ಬಾಯಿ ಬಿಗಿಹಿಡಿಯಿರಿ. ಕೆಲಸ ಹೋಗುತ್ತದೆ, ಹೋಗಲಿ. ಆಗ ಮಹಾನಂದಾಳಿಗೆ ಹೇಳುವವನು ಬೇಕಾಗುವುದಿಲ್ಲ, ನಾನು ನಿಮ್ಮ ಅಳಿಯನಾಗುವುದೂ ಇಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಎರಡೂ ಜಡೆ ತಾನೇ ಹೆಣೆದುಕೊಂಡು ಅವಳು ನಮ್ಮ ಓಣಿಯಲ್ಲಿ ನನ್ನ ಕಡೆ ತಿರುಗಿಯೂ ನೋಡದೆ ಹೋಗಲಿ.