ಎತ್ತರದ ನಡುಪಟ್ಟಿ

ಲಿಜ್ಜಿ ಆಂಟಿಗೆ,

‘ಮಮ್ಮಿ’ ಎಂದು ಕರೆಯಲು ನೀವೇ ಕಲಿಸಿದ್ದಿರಿ. ನಿಮ್ಮ ಮಗ ಕ್ಲೇಟನ್ ಜತೆ ನಿಶ್ಚಯವಾಗಿದ್ದ ನನ್ನ ಮದುವೆಯನ್ನು ಮುರಿದವರೂ ನೀವೇ. ಹಾಗಾಗಿ ಆ ಪದವನ್ನು ವಾಪಸ್ ಕೊಟ್ಟಿದ್ದೇನೆ.

ಫಹಾಹೀಲಿನ ರಶೀದಾ ಅವರ ಬ್ರೈಡಲ್ ಅಂಗಡಿಯಲ್ಲಿ, ನಾನು ಗೌನುಗಳ ಚಿತ್ರ ಬರೆಯುವ ಮೇಜಿನೆದುರು ನೀವು ಕುಳಿತದ್ದು ನೆನಪಿದೆಯೇ? ಅಂದು ನನ್ನದೇ ಮದುವೆಯ ಗೌನನ್ನು, ನನ್ನದೇ ಮುಖವಿಟ್ಟು ಬರೆದು ತೋರಿಸಿದ್ದೆ. ಇನ್ನೂರು ವರ್ಷ ಹಿಂದಿನ ಪ್ಯಾರಿಸ್ಸಿನ ಫ್ಯಾಷನ್ ಚಿತ್ರಗಳ ಧಾಟಿ: ಎದೆಯ ಕೆಳಗೇ ನಡುಪಟ್ಟಿ, ಅಲ್ಲಿಂದ ಪಾದದವರೆಗೆ ಬಿಳಿ ಮಸ್ಲಿನ್. ಆ ಕಾಲದ ಹೆಂಗಸರು ಗ್ರೀಕ್ ಶಿಲ್ಪಗಳ ಹಾಗೆ ಕಾಣಬೇಕಿತ್ತು. ಚಳಿಗಾಲದಲ್ಲೂ ಆ ತೆಳು ಬಟ್ಟೆಯಲ್ಲೇ ನಡುಗಬೇಕಿತ್ತು. ಚಿತ್ರದಲ್ಲಿ ಮಾತ್ರ ಯಾರಿಗೂ ನಡುಕವಿಲ್ಲ, ಎಲ್ಲರದೂ ಒಂದೇ ತಣ್ಣನೆಯ ಮುಖ. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ನೀವು ನನ್ನ ಹೊಟ್ಟೆ ನೋಡುತ್ತಿದ್ದಿರಿ.

“ಇದು ಬಸುರಿ ಹೆಂಗಸರ ನೈಟಿ ಹಾಗೆ ಉಂಟಲ್ಲ ಮಾರಾಯ್ತಿ. ಇಗರ್ಜಿಯಲ್ಲಿ ಜನ ಏನು ಹೇಳ್ಬಹುದು? ಮದುವೆಗೆ ಮುಂಚೆ ಅಂಥದ್ದೇನಾದ್ರೂ ಆದ್ರೆ ಈ ಗಲ್ಫಲ್ಲಿ ಪೊಲೀಸ್ ಕೇಸ್, ಗೊತ್ತುಂಟಲ್ಲ? ಒಂದು ಸ್ಕ್ಯಾನ್ ಮಾಡಿಸುವ. ನನ್ನ ಸಮಾಧಾನಕ್ಕೆ. ಮತ್ತೆ ಖಲಾಸ್” ಎಂದಿರಿ.

ಮೀನಾ ಅಲ್ ಅಹ್ಮದಿ ಬಂದರಿನ ತೈಲ ರಿಫೈನರಿಯಲ್ಲಿ ಹತ್ತು ಜನರ ಮೇಲೆ ಕೂಗಾಡುವ ನಿಮ್ಮ ಇಂಜಿನಿಯರ್ ಮಗ ತಲೆಯೆತ್ತದೆ ಫೋನು ನೋಡುತ್ತಿದ್ದ. ಅವನ ಮೇಲಿನ ಪ್ರೀತಿಗಾಗಿ ನಾನು ಸ್ಕ್ಯಾನಿಗೆ ಒಪ್ಪಿದೆ. ಹೊಟ್ಟೆಗೆ ಜೆಲ್ ಹಚ್ಚಿಸಿಕೊಂಡು ಮಲಗಿದಾಗ ನೀವು ತಲೆಯ ಬಳಿ ಜಪಸರ ಹಿಡಿದು ನಿಂತಿದ್ದಿರಿ. ಮಗುವಿಲ್ಲ ಎಂದರು ಡಾಕ್ಟರು. ನೀವು ಶಿಲುಬೆಯ ಗುರುತು ಮಾಡಿಕೊಳ್ಳತೊಡಗಿದಿರಿ. ಗರ್ಭಕೋಶ ಹುಟ್ಟಿನಿಂದಲೇ ಸರಿಯಾಗಿ ಬೆಳೆದಿಲ್ಲ, ಮುಂದೆಯೂ ಮಗು ನಿಲ್ಲುವುದು ಕಷ್ಟ ಎಂದರು. ನಿಮ್ಮ ಕೈ ಹಣೆಯಿಂದ ಎದೆಗೆ ಬಂದು ಅಲ್ಲೇ ನಿಂತಿತು.

ಆ ವಾರವೇ ನಿಶ್ಚಿತಾರ್ಥದ ಉಂಗುರ ವಾಪಸ್ ಕೇಳಲು ಬಂದಿರಿ. ಹುಡುಗಿ ಒಳ್ಳೆಯವಳೇ, ಆದರೆ ವಿಷಯ ಮುಚ್ಚಿಟ್ಟಿದ್ದಳು ಎಂದು ಪ್ರಾರ್ಥನಾ ಕೂಟದಲ್ಲಿ ಹೇಳಿದಿರಿ. ನನಗೇ ಗೊತ್ತಿಲ್ಲದ್ದನ್ನು ನಾನು ಮುಚ್ಚಿಟ್ಟಿದ್ದೆನಂತೆ. ನಿಮ್ಮನ್ನು ಕಂಡರೆ ನನಗೆ ದ್ವೇಷ ಆಂಟಿ. ಅದನ್ನು ಸುತ್ತಿ ಬಳಸಿ ಹೇಳುವುದಿಲ್ಲ.

ನಿನ್ನೆ ಕ್ಲೇಟನ್‌ನ ಹೊಸ ಹುಡುಗಿ ಶರ್ಲಿನ್‌ಳನ್ನು ಕರೆದುಕೊಂಡು ಅಂಗಡಿಗೆ ಬಂದಿರಿ. ನಾನು ಕೆಲಸ ಬಿಟ್ಟಿದ್ದೇನೆ ಎಂದುಕೊಂಡಿರೇನೋ. ಪರದೆಯ ಹಿಂದೆ ಮೇಜಿನಲ್ಲೇ ಇದ್ದೆ.

“ಮದುವೆ ಸ್ವಲ್ಪ ಬೇಗ ಮಾಡ್ಬೇಕು ರಶೀದಾ. ಎದೆ ಕೆಳಗೇ ಪಟ್ಟಿ ಬರುವ ಹಳೇ ಕಾಲದ ಗೌನ್ ಒಂದು ಉಂಟಲ್ಲ, ಅದೇ ಬೇಕು. ಹೊಟ್ಟೆ ಕಾಣ್ಬಾರ್ದು” ಎಂದಿರಿ. ದನಿಯಲ್ಲಿ ನಾಚಿಕೆಯಿರಲಿಲ್ಲ, ಅಜ್ಜಿಯಾಗುವ ಸಂಭ್ರಮವಿತ್ತು. ಶರ್ಲಿನ್ ತಣ್ಣನೆಯ ಮುಖದಲ್ಲಿ ನಿಂತು ಅಳತೆ ಕೊಟ್ಟಳು.

ಹೊಸದಾಗಿ ಬರೆಯಲು ಏನಿದೆ? ನನ್ನ ಹಾಳೆಯಲ್ಲಿ ನನ್ನ ಮುಖವನ್ನಷ್ಟೇ ಅಳಿಸಿ, ಅವಳ ಮುಖ ಬರೆದು ಇದರ ಜತೆ ಇಟ್ಟಿದ್ದೇನೆ. ಹೆದರಬೇಡಿ, ನಾನು ಬಾಯಿ ಬಿಡುವುದಿಲ್ಲ. ನೀವು ಅತ್ತೆಯಾಗಿ ಸಿಕ್ಕಿದ್ದೇ ಆ ಹುಡುಗಿಗೆ ಸಾಕು.

ಮಗು ಸುಖವಾಗಿ ಹುಟ್ಟಲಿ. ಹೆಣ್ಣಾಗಲಿ. ನಿಮ್ಮ ಜೀವವೆಲ್ಲ ಅವಳ ಮೇಲೇ ಇರಲಿ. ಒಂದು ದಿನ ಅವಳ ಹೊಟ್ಟೆಯನ್ನು ನಿಮ್ಮಂಥವರೊಬ್ಬರು ನೋಡುತ್ತಾ ಕುಳಿತಿರುವುದನ್ನು ಕಣ್ಣಾರೆ ಕಾಣುವಷ್ಟು ಆಯುಷ್ಯವನ್ನು ದೇವರು ನಿಮಗೆ ಕೊಡಲಿ.

ಇಂತು, ನಿಮ್ಮ ಸೊಸೆಯಾಗದೆ ಉಳಿದ
ರಿಯೋನಾ